ಖಾಲಿಯಾಗದ ಖೋಖಾ

2022ರ ಆಗಸ್ಟ್‌ನಲ್ಲಿ ಮುಂಬೈ ವಿಧಾನ ಭವನದ ಮೆಟ್ಟಿಲುಗಳ ಮೇಲೆ ನಿಂತು ವಿರೋಧ ಪಕ್ಷದ ಶಾಸಕರು ‘50 ಖೋಕೆ, ಏಕದಂ ಓಕೆ’ ಎಂದು ಕೂಗಿದರು. ಪಕ್ಷ ಬಿಟ್ಟುಹೋದವರ ಮೇಲೆ ಹೊರಿಸಿದ ಆ ಆರೋಪದ ನಿಜ ಸುಳ್ಳು ಬೇರೆ ಮಾತು. ಘೋಷಣೆಯಲ್ಲಿದ್ದ ಪದ ಮಾತ್ರ ಮುಂಬೈಯದೇ. ಮರಾಠಿಯಲ್ಲಿ ಖೋಕಾ ಅಂದರೆ ಡಬ್ಬ, ಪೆಟ್ಟಿಗೆ. ಆ ಊರಿನ ಭೂಗತ ಲೋಕದ ಆಡುಮಾತಿನಲ್ಲಿ ‘ಪೇಟಿ’ ಒಂದು ಲಕ್ಷವಾದರೆ ‘ಖೋಕಾ’ ಒಂದು ಕೋಟಿ. ಇದೇ ಪದ ಹಿಂದಿ ಪೊಲೀಸ್ ಪಂಚನಾಮೆಗಳಲ್ಲಿ ‘ಖೋಖಾ’ ಎಂದು ಕಾಣಿಸಿಕೊಳ್ಳುತ್ತದೆ. ಅಲ್ಲಿ ಅದು ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ, ಖಾಲಿ ತೋಟಾ.

ಅಮೆರಿಕದಲ್ಲಿ ಈ ಖಾಲಿ ತೋಟಾಗಳನ್ನು ಆಯುವುದು ಲಕ್ಷಾಂತರ ಜನರ ಹವ್ಯಾಸ. ಶೂಟಿಂಗ್ ರೇಂಜಿನ ನೆಲದಿಂದ ಹೆಕ್ಕಿ, ತೊಳೆದು, ಅಳತೆವಾರು ವಿಂಗಡಿಸಿ, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಭಾರತದಲ್ಲಿ ಅಂಥ ಹವ್ಯಾಸ ಬೆಳೆಯಲಿಲ್ಲ. ಹಾಗೆಂದು ಇಲ್ಲಿ ಯಾರೂ ಖಾಲಿ ತೋಟಾ ಆಯುವುದಿಲ್ಲ ಎಂದಲ್ಲ. ಆಯುತ್ತಾರೆ, ಎಣಿಸುತ್ತಾರೆ, ವಿಂಗಡಿಸುತ್ತಾರೆ. ಆದರೆ ಆ ಕೆಲಸ ಪೊಲೀಸರದು, ಪ್ರಯೋಗಾಲಯದ್ದು, ಕಸ್ಟಮ್ಸ್‌ನದು. ಒಂದು ದೇಶದಲ್ಲಿ ಉಳಿತಾಯದ ಸರಕಾದದ್ದು ಇನ್ನೊಂದರಲ್ಲಿ ಲೆಕ್ಕದ ಚೀಟಿಯಾದದ್ದು ಹೇಗೆ ಎಂಬುದಕ್ಕೆ ಒಂದೂವರೆ ಶತಮಾನದ ಚರಿತ್ರೆಯಿದೆ.

ಮೊದಲು ಕಾಗದದ ಕಾಲ. ಕನ್ನಡದ ‘ಕಾಡತೂಸು’, ಮರಾಠಿಯ ‘ಕಾಡತೂಸ’, ಹಿಂದಿಯ ‘ಕಾರತೂಸ್’ ಎಲ್ಲವೂ ಪೋರ್ಚುಗೀಸರ ‘ಕಾರ್ತೂಚೊ’ ಪದದ ಮಕ್ಕಳು. ಅದರ ಬೇರು ಕಾಗದ ಎಂಬ ಅರ್ಥದ ಪದದಲ್ಲಿದೆ. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಲು ಒಪ್ಪದೆ ಹೋದದ್ದು ಅಂಥ ಕಾಗದದ ಸುರುಳಿಯನ್ನೇ. ಕಾಗದದ ಕಾಡತೂಸಿನಿಂದ ಮತ್ತೆ ಬಳಸುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಉಳಿಕೆಯ ಪ್ರಶ್ನೆಯನ್ನು ತಂದದ್ದು ಹಿತ್ತಾಳೆ.

1860ರ ದಶಕದಲ್ಲಿ ಹಿಂಬದಿಯಿಂದ ತುಂಬುವ ಬಂದೂಕುಗಳು ಬಂದಾಗ ಲೋಹದ ತೋಟಾ ಅಗತ್ಯವಾಯಿತು. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಮದ್ದು ಉರಿದಾಗ ಕೊಳವೆ ಉಬ್ಬಿ ನಳಿಗೆಯ ಬುಡವನ್ನು ಬಿಗಿಯಾಗಿ ಮುಚ್ಚುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಕೇಪು, ಮದ್ದು, ಗುಂಡು ಮೂರೂ ಖರ್ಚಾಗುತ್ತವೆ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲಿನ ಹಿತ್ತಾಳೆ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಮರುಬಳಕೆಯ ಆಸೆ ಹುಟ್ಟುವುದು ಇಲ್ಲಿಂದ.

ಮುಂಬೈ ಪ್ರಾಂತ್ಯದಲ್ಲಿ ಈ ಲೋಹದ ಕಥೆ ಪುಣೆಯ ಪಕ್ಕದ ಖಡಕಿಯಲ್ಲಿ, ಅಂದಿನ ಕಿರ್ಕಿಯಲ್ಲಿ, 1869ರಲ್ಲಿ ಶುರುವಾದ ಮದ್ದುಗುಂಡು ಕಾರ್ಖಾನೆಗೆ ಕೂಡಿಕೊಂಡಿದೆ. ತೋಟಾದ ತಳ ತಿರುಗಿಸಿ ನೋಡಿದರೆ ‘ಕೆಎಫ್’ ಎಂಬ ಇಂಗ್ಲಿಷ್ ಅಕ್ಷರಗಳ ಮುದ್ರೆ ಕಾಣುತ್ತದೆ: ಕಿರ್ಕಿ ಫ್ಯಾಕ್ಟರಿ. ಸ್ವಾತಂತ್ರ್ಯದ ನಂತರ ಜಳಗಾಂವ್ ಜಿಲ್ಲೆಯ ವರಣಗಾಂವ್‌ನಲ್ಲಿ ಇನ್ನೊಂದು ತೋಟಾ ಕಾರ್ಖಾನೆ ಬಂತು. ಮುಂಬೈಯ ಲೋಕಲ್ ರೈಲು ಮುಟ್ಟುವ ಅಂಬರನಾಥದ ಆರ್ಡ್‌ನನ್ಸ್ ಕಾರ್ಖಾನೆಯಲ್ಲಿ ಹಿತ್ತಾಳೆ ಕರಗಿಸಿ, ತೋಟಾಕ್ಕೆ ಬೇಕಾದ ಪುಟ್ಟ ಬಟ್ಟಲುಗಳನ್ನು ಒತ್ತಿ ತೆಗೆಯುತ್ತಾರೆ. ಆ ಬಟ್ಟಲನ್ನು ಹಂತಹಂತವಾಗಿ ಎಳೆದು ಉದ್ದ ಮಾಡಿದರೆ ಕೊಳವೆಯಾಗುತ್ತದೆ.

ಹಿತ್ತಾಳೆಯ ದೌರ್ಬಲ್ಯ ಕೂಡ ಭಾರತದ ಮಳೆಗಾಲದಲ್ಲೇ ಬಯಲಾಯಿತು. ಮಳೆಗಾಲದಲ್ಲಿ ಬ್ರಿಟಿಷ್ ಸೇನೆಯ ಓಡಾಟ ಕಡಿಮೆ; ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಟ್ಟಿರುತ್ತಿದ್ದರು. ಮಳೆ ನಿಂತು ತೆಗೆದು ನೋಡಿದರೆ ಯಾರೂ ಮುಟ್ಟದ ತೋಟಾಗಳು ಸೀಳಿರುತ್ತಿದ್ದವು. ಋತು ನೋಡಿ ಬರುವ ಈ ರೋಗಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರಾಯಿತು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು 1921ರಲ್ಲಿ ಕಾರಣ ವಿವರಿಸಿದರು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಕೊಳವೆ ಎಳೆಯುವಾಗ ಲೋಹದೊಳಗೆ ಉಳಿದುಬಿಟ್ಟ ಬಿಗಿತ, ಈ ಮೂರೂ ಸೇರಿದಾಗ ಹಿತ್ತಾಳೆ ಸೀಳುತ್ತದೆ. ಹದವಾಗಿ ಕಾಯಿಸಿ ಆ ಬಿಗಿತ ಸಡಿಲಿಸುವುದೇ ಮದ್ದು.

ಮರುಬಳಕೆ ಮಾಡುವವರು ಒಂದೊಂದು ಕೊಳವೆಯನ್ನೂ ಬೆಳಕಿಗೆ ಹಿಡಿದು ನೋಡುವುದು ಇಂಥ ಸೀಳಿಗಾಗಿಯೇ. ಪ್ರತಿ ಸಲ ಉಬ್ಬಿ ಕುಗ್ಗಿದಾಗಲೂ ಹಿತ್ತಾಳೆ ಗಡಸಾಗುತ್ತ, ಕೊನೆಗೆ ಬಿರಿಯುತ್ತದೆ. ಎರಡನೆಯ ವಿಂಗಡಣೆ ಕೇಪಿನದು. ಇಂಗ್ಲೆಂಡಿನ ಬಾಕ್ಸರ್ ರೂಪಿಸಿದ ಬಗೆಯಲ್ಲಿ ತಳದ ನಡುವೆ ಒಂದೇ ತೂತು. ಹಳೆಯ ಕೇಪನ್ನು ಒಳಗಿನಿಂದ ಸುಲಭವಾಗಿ ತಳ್ಳಬಹುದು. ಅಮೆರಿಕದ ಬರ್ಡನ್ ರೂಪಿಸಿದ್ದರಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತು, ತೆಗೆಯುವುದು ಕಷ್ಟ. ತಮಾಷೆಯೆಂದರೆ ಇಂಗ್ಲಿಷನ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕನ್ನನದು ಯುರೋಪಿನಲ್ಲಿ. ಅಮೆರಿಕದಲ್ಲಿ ಮರುಬಳಕೆ ಮನೆಮನೆಯ ಹವ್ಯಾಸವಾಗಲು ಇದೂ ಒಂದು ಕಾರಣ.

ಭಾರತದಲ್ಲಿ ದಾರಿ ಬೇರೆಯಾದದ್ದು ಕಾನೂನಿನಿಂದ. 1857ರ ಭಯ ಆಳುವವರ ಮನಸ್ಸಿನಿಂದ ಹೋಗಿರಲಿಲ್ಲ. ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಸ್ವತಂತ್ರ ಭಾರತದ 1959ರ ಕಾಯ್ದೆ ಜನಾಂಗಭೇದವನ್ನು ತೆಗೆದರೂ ಹಿಡಿತವನ್ನು ಬಿಡಲಿಲ್ಲ. ಅದರ 2ನೇ ಕಲಮಿನ ಪ್ರಕಾರ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರವಲ್ಲ. ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. 5ನೇ ಕಲಮಿನ ಪ್ರಕಾರ ತಯಾರಿಕೆಗೆ ಪರವಾನಗಿ ಬೇಕು. ಆದರೆ 45ನೇ ಕಲಮು ಒಂದು ಕಿಟಕಿ ತೆರೆದಿಟ್ಟಿದೆ. ಬೇರೆ ಭಾಗಗಳೊಂದಿಗೆ ಜೋಡಿಸಿ ಬಳಸುವ ಉದ್ದೇಶವಿಲ್ಲದೆ ಚಿಕ್ಕಪುಟ್ಟ ಭಾಗವನ್ನು ಇಟ್ಟುಕೊಂಡರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಎಂದರೆ, ಖಾಲಿ ತೋಟಾ ಏನು ಎಂಬುದನ್ನು ತೀರ್ಮಾನಿಸುವುದು ಅದರ ಲೋಹವಲ್ಲ, ಇಟ್ಟುಕೊಂಡವರ ಉದ್ದೇಶ. ಷೋಕೇಸಿನಲ್ಲಿದ್ದರೆ ನೆನಪಿನ ಕಾಣಿಕೆ. ಪಕ್ಕದಲ್ಲಿ ಮದ್ದು, ಕೇಪು ಇದ್ದರೆ ಮೊಕದ್ದಮೆ.

ಮುಂಬೈಯಲ್ಲಿ ಕ್ರೀಡೆಗಾಗಿ ಗುಂಡು ಹಾರಿಸುವವರ ಹಳೆಯ ನೆಲೆ ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್. ಇಂಥ ರೇಂಜುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಏರ್‌ಗನ್ ಮತ್ತು .22. ಏರ್‌ಗನ್ನಿಗೆ ತೋಟಾವೇ ಇಲ್ಲ. .22ರಲ್ಲಿ ಕೇಪಿನ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಸುತ್ತಿಗೆ ಬಿದ್ದು ಅಂಚು ಜಜ್ಜಿದ ಮೇಲೆ ಅದು ಬರಿಯ ಗುಜರಿ. ಮರುಬಳಕೆಗೆ ಬರುವುದು ಸೆಂಟರ್ ಫೈರ್ ಪಿಸ್ತೂಲಿನ .32 ತೋಟಾ. 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದದ್ದು ಈ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲಿನಲ್ಲಿ. 2006ರ ದೋಹಾದಲ್ಲಿ ಅದೇ ಸ್ಪರ್ಧೆಯಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. ಪರವಾನಗಿ ಇರುವ ಸಾಮಾನ್ಯ ನಾಗರಿಕರ ರಿವಾಲ್ವರ್‌ಗೂ ಇದೇ .32 ಅಳತೆ, 9 ಎಂಎಂ ಅವರಿಗೆ ನಿಷಿದ್ಧ.

ಉಳಿದಂತೆ ಖಾಲಿ ತೋಟಾ ಸಿಗುವುದು ಪೊಲೀಸರ ಮತ್ತು ಸೇನೆಯ ಅಭ್ಯಾಸದ ಮೈದಾನಗಳಲ್ಲಿ. ಅಲ್ಲಿ ಅಭ್ಯಾಸ ಮುಗಿದ ಮೇಲೆ ನೆಲದಿಂದ ಆಯ್ದು, ಎಣಿಸಿ, ಉಗ್ರಾಣಕ್ಕೆ ಒಪ್ಪಿಸಬೇಕು. ಕೊಟ್ಟ ಗುಂಡಿಗೂ ಮರಳಿದ ಖೋಖಾಕ್ಕೂ ತಾಳೆಯಾಗಬೇಕು. ಖಾಲಿ ತೋಟಾ ಹೀಗೆ ಗುಂಡು ಖರ್ಚಾದದ್ದಕ್ಕೆ ರಸೀತಿ. ರಸೀತಿಯಾದ ಮೇಲೆ ಅದಕ್ಕೂ ಕಳ್ಳಬೆಲೆ ಇದ್ದೇ ಇರುತ್ತದೆ: ಖೋಖಾ ಇದ್ದವನು ಗುಂಡನ್ನು ಮಾರಿಕೊಂಡೂ ಲೆಕ್ಕ ತುಂಬಿಸಬಲ್ಲ. 2010ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಬಯಲಾದ ಕಾರತೂಸ್ ಹಗರಣದಲ್ಲಿ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಪೊಲೀಸ್ ಮತ್ತು ಅರೆಸೇನಾ ಪಡೆಗಳವರೇ. ವಶಪಡಿಸಿಕೊಂಡ ಮಾಲಿನಲ್ಲಿ ಜೀವಂತ ಗುಂಡುಗಳ ಜೊತೆ ಖೋಖಾಗಳೂ ಇದ್ದವು. 2023ರಲ್ಲಿ ನ್ಯಾಯಾಲಯ 24 ಮಂದಿಗೆ 10 ವರ್ಷಗಳ ಶಿಕ್ಷೆ ವಿಧಿಸಿತು.

ರಸೀತಿಯಷ್ಟೇ ಅಲ್ಲ, ಅದು ಸಾಕ್ಷಿಯೂ ಹೌದು. ಕೇಪಿನ ಮೇಲೆ ಬೀಳುವ ಪಿನ್ನಿನ ಗುರುತು, ತಳ ಒರಗಿದ ಲೋಹದ ಗೀರುಗಳು, ಹೊರಗೆ ಎಳೆಯುವ ಕೊಕ್ಕೆಯ ಕಲೆ ಇವೆಲ್ಲ ಹಿತ್ತಾಳೆಯ ಮೇಲೆ ಉಳಿಯುತ್ತವೆ. 1958ರಲ್ಲಿ ವರದಿಯಾದ ಕಲುವಾ ವಿರುದ್ಧ ಉತ್ತರ ಪ್ರದೇಶ ಪ್ರಕರಣದಲ್ಲಿ, ಕೊಲೆಯಾದವನ ಮಂಚದ ಬಳಿ ಸಿಕ್ಕ ತೋಟಾ ಆರೋಪಿ ತೋರಿಸಿಕೊಟ್ಟ ನಾಡಪಿಸ್ತೂಲಿನಿಂದಲೇ ಹಾರಿದ್ದೆಂಬ ತಜ್ಞರ ಮಾತನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಮುಂಬೈಯಲ್ಲಿ ಈ ಪರೀಕ್ಷೆ ನಡೆಯುವುದು ಸಾಂತಾಕ್ರೂಜ್ ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. 2008ರ ನವೆಂಬರ್ 26ರ ದಾಳಿಯ ಮೊಕದ್ದಮೆಯಲ್ಲೂ ಸ್ಥಳದಲ್ಲಿ ಆಯ್ದ ಖಾಲಿ ತೋಟಾಗಳನ್ನು ವಶಪಡಿಸಿಕೊಂಡ ಬಂದೂಕುಗಳಿಗೆ ಹೋಲಿಸಿದ ವರದಿ ಸಾಕ್ಷ್ಯವಾಯಿತು. ಮರುಬಳಸಿದ ತೋಟಾದ ಮೇಲೆ ಎರಡು ಬಂದೂಕುಗಳ ಗುರುತು ಬೀಳಬಹುದು. ಆಗ ಸಾಕ್ಷಿಯ ಮಾತೇ ತೊದಲುತ್ತದೆ.

ಇನ್ನೊಂದು ವಿಂಗಡಣೆ ನಡೆಯುವುದು ಬಂದರಿನಲ್ಲಿ. ಅಮೆರಿಕದ ಗುಜರಿ ವ್ಯಾಪಾರಿಗಳ ಸಂಘ ಒಂದೊಂದು ಬಗೆಯ ಸರಕಿಗೂ ಒಂದೊಂದು ಸಂಕೇತಪದ ಕೊಟ್ಟಿದೆ. ಹಳದಿ ಹಿತ್ತಾಳೆ ‘ಹನಿ’. ಹಾರಿಸಿ ಖಾಲಿಯಾದ ಸಣ್ಣ ತೋಟಾಗಳು ‘ಲೇಕ್’. ಉಳಿದ ಕೇಪೆಲ್ಲ ಸಿಡಿದುಹೋಗುವಂತೆ ಕಾಯಿಸಿದವು ‘ಲ್ಯಾಂಬ್’. ಜಾಮ್‌ನಗರದ ಹಿತ್ತಾಳೆ ಉದ್ಯಮ ನಲ್ಲಿ, ಪ್ಲಗ್ಗು, ಸ್ಕ್ರೂ ಮಾಡುವುದು ಹೆಚ್ಚಾಗಿ ಆಮದು ಗುಜರಿಯಿಂದ. ಮುಂಬೈ ಕೊಲ್ಲಿಯಾಚೆಯ ನಾವಾ ಶೇವಾ ಬಂದರು ಅಂಥ ಸರಕಿನ ಹೆಬ್ಬಾಗಿಲುಗಳಲ್ಲಿ ಒಂದು. ಆದರೆ ಲೇಕ್, ಲ್ಯಾಂಬ್ ಬಗೆಯ ಸರಕಿಗೆ ಇಲ್ಲಿ ನಿಯಮದ ಅಡ್ಡಿಯಿದೆ. 2004ರ ಸೆಪ್ಟೆಂಬರ್ 30ರಂದು ಗಾಜಿಯಾಬಾದ್ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಆಮದು ಗುಜರಿಯಲ್ಲಿದ್ದ ಯುದ್ಧದ ಶೆಲ್‌ಗಳು ಸಿಡಿದು 10 ಕಾರ್ಮಿಕರು ಸತ್ತರು. ಅನಂತರ ಬಿಗಿಯಾದ ಆಮದು ನಿಯಮದಂತೆ, ಲೋಹದ ಗುಜರಿಯಲ್ಲಿ ಶಸ್ತ್ರ, ಶೆಲ್, ಜೀವಂತ ತೋಟಾ ಮಾತ್ರವಲ್ಲ, ಬಳಸಿದ ತೋಟಾವೂ ಇರಕೂಡದು.

‘ಬಳಸಿದ’ ಎಂಬ ಆ ಒಂದು ಪದಕ್ಕೆ ಕಾರಣವಿದೆ. ರಾಶಿ ಹಿತ್ತಾಳೆಯಲ್ಲಿ ಹಾರಿದ ಸಾವಿರ ತೋಟಾಗಳ ನಡುವೆ ಹಾರದ ಒಂದು ಅಡಗಿದ್ದರೆ, ಅದು ಸಿಗುವುದು ಕುಲುಮೆಯ ಮುಂದೆ ನಿಂತ ಕೂಲಿಯವನಿಗೆ. ತೋಟಾ ಖಾಲಿಯೋ ಅಲ್ಲವೋ ಎಂದು ಪರೀಕ್ಷಿಸುವ ಜಾಗ ಅದಾಗಬಾರದು. ಅಮೆರಿಕದ ಹವ್ಯಾಸಿ ತನ್ನ ತೋಟಾಗಳನ್ನು ತಾನೇ ನೋಡಿ ವಿಂಗಡಿಸುತ್ತಾನೆ. ತಪ್ಪಿದರೆ ಮೊದಲು ಅಪಾಯ ಅವನಿಗೇ. ಗುಜರಿಯ ಗಾಡಿ ಹೊತ್ತು ತರುವ ಅಪಾಯ, ಆ ಗುಂಡು ಎಲ್ಲಿ ಯಾರು ಹಾರಿಸಿದ್ದೆಂದು ಗೊತ್ತೇ ಇರದವರ ಪಾಲಿಗೆ ಬರುತ್ತದೆ. ಖೋಖಾ ಎಂದರೆ ಬರಿಯ ಖಾಲಿ ಡಬ್ಬ ಎಂದು ಭಾಷೆ ಹೇಳಿದರೂ, ಈ ದೇಶದ ಉಗ್ರಾಣ, ಪ್ರಯೋಗಾಲಯ, ಬಂದರುಗಳು ಅದನ್ನು ಖಾಲಿ ಎಂದು ಒಪ್ಪಿಕೊಂಡಿಲ್ಲ.