ಸಂಶೋಧನೆಗೆ ಸೇರಿದರೆ ನಾವು ಪ್ರಯೋಗಪಶುಗಳೇ? ಆಟಿಸಂ, ಶುಗರ್ ಅಧ್ಯಯನಗಳಲ್ಲಿ ರೋಗಿಯ ಹಕ್ಕೇನು?

ಆರೋಗ್ಯದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಎರಡು ಮಾತುಗಳು ಒಂದಕ್ಕೊಂದು ತದ್ವಿರುದ್ಧ. ಒಂದು: "ಆಸ್ಪತ್ರೆಯವರು ಸಂಶೋಧನೆ ಅಂತ ಕರೆದರೆ ಹೋಗಬೇಡಿ, ಬಡವರ ಮೇಲೆ ಪ್ರಯೋಗ ಮಾಡುತ್ತಾರೆ." ಇನ್ನೊಂದು: "ಆಟಿಸಂಗೆ ಹೊಸ ಸಂಶೋಧನೆ ಬಂದಿದೆ, ಸ್ಟೆಮ್ ಸೆಲ್ ಹಾಕಿಸಿದರೆ ಮಗು ಪೂರ್ತಿ ಸರಿಹೋಗುತ್ತದೆ."

ಮೊದಲನೆಯದನ್ನು ನಂಬಿದರೆ ಒಳ್ಳೆಯ ಅಧ್ಯಯನದಿಂದಲೂ ದೂರ ಉಳಿಯುತ್ತೇವೆ. ಎರಡನೆಯದನ್ನು ನಂಬಿದರೆ ಸಾಲ ಮಾಡಿ ದುಡ್ಡು ಕಳೆದುಕೊಳ್ಳುತ್ತೇವೆ. ಮಿರ್ಲೆಯಂಥ ಊರಿನಿಂದ ಕೆ.ಆರ್.ನಗರ ದಾಟಿ ಮೈಸೂರಿನ ಆಸ್ಪತ್ರೆಗೆ ಹೋಗುವ ಕುಟುಂಬಕ್ಕೆ ಎರಡೂ ನಷ್ಟವೇ. ಹಾಗಾದರೆ ನಿಜ ಏನು?

ಮೈಸೂರಿನ ಜನರಿಂದ ಜಗತ್ತು ಕಲಿತದ್ದು

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ದಾಖಲೆಗಳಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ದಶಕಗಳ ನಂತರ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆ.ಜಿ. ಅಥವಾ ಹೆಚ್ಚು ತೂಕ ಇದ್ದವರಲ್ಲಿ ಅದು ನೂರಕ್ಕೆ 3 ಮಾತ್ರ. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಅದೇ ಆಸ್ಪತ್ರೆಗೆ 1997-98ರಲ್ಲಿ ಬಂದ ಗರ್ಭಿಣಿಯರನ್ನೂ, ಅವರಿಗೆ ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದ ಇನ್ನೊಂದು ಅಧ್ಯಯನ ನಡೆಯಿತು. ಬಸುರಿಯಲ್ಲಿ ಬರುವ ಶುಗರ್ ಮಕ್ಕಳ ಆರೋಗ್ಯದ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು ಅದರ ಮುಖ್ಯ ಪ್ರಶ್ನೆಗಳಲ್ಲೊಂದು. ಇಲ್ಲಿ ಯಾರಿಗೂ ಹೊಸ ಔಷಧಿ ಕೊಟ್ಟು ನೋಡಲಿಲ್ಲ. ತೂಕ, ರಕ್ತ, ಬಿಪಿ ಅಳೆದರು. ಸಂಶೋಧನೆ ಎಂದರೆ ಮಾತ್ರೆಯ ಪ್ರಯೋಗ ಎಂದೇ ಅರ್ಥವಲ್ಲ.

ಹಾಗಾದರೆ ಭಯಕ್ಕೆ ಕಾರಣವೇ ಇಲ್ಲವೇ?

ಇದೆ. "ಲಸಿಕೆಯಿಂದ ಆಟಿಸಂ ಬರುತ್ತದೆ" ಎಂಬ ಫಾರ್ವರ್ಡ್ ನೀವು ನೋಡಿರಬಹುದು. ಅದು ಹುಟ್ಟಿದ್ದೇ ಒಂದು ಕೆಟ್ಟ ಸಂಶೋಧನೆಯಿಂದ. 1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಕೇವಲ 12 ಮಕ್ಕಳ ಮೇಲೆ ಬರೆದ ಲೇಖನ ಅದು. ನೈತಿಕ ಸಮಿತಿಯ ಸರಿಯಾದ ಅನುಮತಿ ಇಲ್ಲದೆ ಆ ಮಕ್ಕಳಿಗೆ ಕರುಳಿಗೆ ಕೊಳವೆ ಹಾಕುವಂಥ, ಬೆನ್ನುಹುರಿಯ ದ್ರವ ತೆಗೆಯುವಂಥ ಪರೀಕ್ಷೆ ಮಾಡಿಸಿದ್ದರು ಎಂದು ಅಲ್ಲಿನ ವೈದ್ಯಕೀಯ ಮಂಡಳಿ ತೀರ್ಮಾನಿಸಿತು. 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂದಕ್ಕೆ ಪಡೆಯಿತು, ವೈದ್ಯ ವೃತ್ತಿಯಿಂದ ಅವರ ಹೆಸರನ್ನು ತೆಗೆದುಹಾಕಲಾಯಿತು. ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲ ಎಂದು ಆಮೇಲೆ ಲಕ್ಷಾಂತರ ಮಕ್ಕಳ ಅಧ್ಯಯನಗಳು ತೋರಿಸಿವೆ.

ಈ ಸುದ್ದಿಯಲ್ಲಿ ನಾವು ಮರೆಯುವುದು ಆ 12 ಮಕ್ಕಳನ್ನು. ಮೊದಲು ಅನ್ಯಾಯವಾದದ್ದು ಅವರಿಗೆ.

ರೋಗಿಗಳು ಪ್ರಶ್ನೆ ಕೇಳಿದರೆ ಏನಾಗುತ್ತದೆ?

ವರ್ಷಗಟ್ಟಲೆ ಬಿಡದ ಸುಸ್ತಿನ ಕಾಯಿಲೆ ಒಂದಿದೆ. ಸ್ವಲ್ಪ ಕೆಲಸ ಮಾಡಿದರೂ ದಿನಗಟ್ಟಲೆ ಹಾಸಿಗೆ ಹಿಡಿಸುತ್ತದೆ. ಬ್ರಿಟನ್ನಿನಲ್ಲಿ 641 ರೋಗಿಗಳ ಮೇಲೆ ನಡೆದ 'ಪೇಸ್' ಎಂಬ ಅಧ್ಯಯನ, ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸಿದರೆ ಲಾಭ ಎಂದು 2011ರಲ್ಲಿ ಹೇಳಿತು. "ನಮಗೆ ಅದರಿಂದ ಜಾಸ್ತಿಯಾಗುತ್ತದೆ" ಎಂದು ಅನೇಕ ರೋಗಿಗಳು ಹೇಳಿದರು. ಅಂಕಿಅಂಶ ಕೊಡಿ ಎಂದು ಒಬ್ಬ ರೋಗಿ ಕಾನೂನಿನ ಮೂಲಕ ಕೇಳಿದಾಗ, 2016ರಲ್ಲಿ ಅದನ್ನು ಕೊಡಲೇಬೇಕೆಂಬ ಆದೇಶವಾಯಿತು. ಮೊದಲು ಗೊತ್ತುಮಾಡಿಕೊಂಡಿದ್ದ ಅಳತೆಯಲ್ಲೇ ಮತ್ತೆ ಲೆಕ್ಕ ಹಾಕಿದಾಗ ಗುಣವಾದವರ ಪ್ರಮಾಣ ಬಹಳ ಕಡಿಮೆಯಾಯಿತು. ಸಂಶೋಧಕರು ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಂಡರು. ಆದರೆ 2021ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಆ ವ್ಯಾಯಾಮ ಕ್ರಮವನ್ನು ಕೈಬಿಟ್ಟಿತು.

ಅದೇ 2021ರಲ್ಲಿ, ಆಟಿಸಂ ಇರುವ 10,000 ಜನರ ಡಿಎನ್ಎ ಸಂಗ್ರಹಿಸುವ 'ಸ್ಪೆಕ್ಟ್ರಮ್ 10ಕೆ' ಎಂಬ ಯೋಜನೆ ಬ್ರಿಟನ್ನಿನಲ್ಲಿ ಶುರುವಾಯಿತು. ಆಟಿಸಂ ಇರುವ ದೊಡ್ಡವರೇ ಎದ್ದು ಕೇಳಿದರು: "ನಮ್ಮ ಡಿಎನ್ಎ ನಾಳೆ ಯಾರ ಕೈಗೆ ಹೋಗುತ್ತದೆ? ಇದರಿಂದ ನಮ್ಮ ದಿನನಿತ್ಯದ ಬದುಕಿಗೆ ಏನು ಪ್ರಯೋಜನ?" ಕೆಲವೇ ವಾರಗಳಲ್ಲಿ ಯೋಜನೆಯನ್ನು ತಡೆಹಿಡಿಯಬೇಕಾಯಿತು. ಅವರು ವಿಜ್ಞಾನದ ವಿರೋಧಿಗಳಲ್ಲ. ನಮ್ಮ ಬಗ್ಗೆ ತೀರ್ಮಾನ ಮಾಡುವಾಗ ನಮ್ಮನ್ನೂ ಕೂರಿಸಿಕೊಳ್ಳಿ ಎಂದಷ್ಟೇ ಅವರ ಮಾತು.

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮಲ್ಲೂ ಇದಕ್ಕೆ ಕಾನೂನಿನ ಬಲವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಅದರ 6ನೇ ಸೆಕ್ಷನ್ ಪ್ರಕಾರ, ಅಂಗವೈಕಲ್ಯ ಇರುವ ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ, ಸ್ವಇಚ್ಛೆಯ ಒಪ್ಪಿಗೆ ಪಡೆಯದೆ ಅವರ ಮೇಲೆ ಸಂಶೋಧನೆ ಮಾಡುವಂತಿಲ್ಲ. ಇದಕ್ಕೆ ಅನುಮತಿ ಕೊಡುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ಸ್ವತಃ ಅಂಗವೈಕಲ್ಯ ಇರುವವರು ಅಥವಾ ಅವರ ನೋಂದಾಯಿತ ಸಂಸ್ಥೆಯವರು ಆಗಿರಬೇಕು.

ಹೊಸ ಔಷಧಿಯ ಪ್ರಯೋಗಕ್ಕೆ 2019ರ ನಿಯಮಗಳು ಅನ್ವಯಿಸುತ್ತವೆ. ನೈತಿಕ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು, ಅವರಲ್ಲಿ ಒಬ್ಬರು ವೈದ್ಯರಲ್ಲದ ಸಾಮಾನ್ಯ ವ್ಯಕ್ತಿ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು.

ಸ್ಟೆಮ್ ಸೆಲ್ ಮಾತು ನಿಜವೇ?

ಇಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ, ಅದರ ಜಾಹೀರಾತು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ 2022ರಲ್ಲೇ ಹೇಳಿದೆ. ಆಟಿಸಂ ಜ್ವರದಂತೆ ಬಂದು ಹೋಗುವ ಕಾಯಿಲೆಯೂ ಅಲ್ಲ. ಮೆದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ ಅದು. ಮಾತು, ಕಲಿಕೆ, ದಿನನಿತ್ಯದ ಕೆಲಸಗಳಿಗೆ ಬೇಗ ತರಬೇತಿ ಸಿಕ್ಕಷ್ಟೂ ಮಗುವಿಗೆ ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್‌ನಲ್ಲಿ, ಇದರ ತಪಾಸಣೆ ಮತ್ತು ತರಬೇತಿ ಸಿಗುತ್ತದೆ.

ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಕೇಳಿ

- ಇದು ಚಿಕಿತ್ಸೆಯೋ, ಸಂಶೋಧನೆಯೋ? ಸಂಶೋಧನೆಯಾದರೆ ಅದರ ಪರೀಕ್ಷೆಗಳಿಗೆ ನಿಮ್ಮಿಂದ ದುಡ್ಡು ಕೇಳಬಾರದು. "ಟ್ರಯಲ್" ಅಂದುಕೊಂಡು ಲಕ್ಷಗಟ್ಟಲೆ ಕೇಳಿದರೆ ಅನುಮಾನಪಡಿ.
- ನೈತಿಕ ಸಮಿತಿಯ ಅನುಮತಿ ಇದೆಯೇ? ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಏನು? ಔಷಧಿ ಪ್ರಯೋಗಗಳಿಗೆ 2009ರಿಂದ ಈ ನೋಂದಣಿ ಕಡ್ಡಾಯ, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಆದರೆ ನೋಂದಣಿ ಇದ್ದ ಮಾತ್ರಕ್ಕೆ ಔಷಧಿ ಕೆಲಸ ಮಾಡುತ್ತದೆ ಎಂದಲ್ಲ.
- ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ? ಓದಲು ಬಾರದಿದ್ದರೆ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಮುಂದೆ ಓದಿ ಹೇಳಬೇಕು.
- ಮಗುವನ್ನು ಕೇಳಿದಿರಾ? 7 ವರ್ಷ ದಾಟಿದ ಮಗುವಿಗೆ ಅರ್ಥವಾಗುವಷ್ಟು ತಿಳಿಸಿ, ಅದರ ಒಪ್ಪಿಗೆಯನ್ನೂ ಪಡೆಯಬೇಕು.
- ಮಧ್ಯದಲ್ಲಿ ಬಿಡಬಹುದೇ? ಯಾವಾಗ ಬೇಕಾದರೂ ಬಿಡಬಹುದು. ಆ ಕಾರಣಕ್ಕೆ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಒಟ್ಟಿನಲ್ಲಿ

"ಸಂಶೋಧನೆ ಎಂದರೆ ಬಡವರ ಮೇಲೆ ಪ್ರಯೋಗ" ಎಂಬುದು ದಾರಿತಪ್ಪಿಸುವ ಮಾತು. ಕೇಳಿ, ತಿಳಿದು, ಒಪ್ಪಿ ಸೇರಿದವರು ಪ್ರಯೋಗಪಶುಗಳಲ್ಲ. "ಸ್ಟೆಮ್ ಸೆಲ್‌ನಿಂದ ಆಟಿಸಂ ಗುಣ" ಎಂಬುದು ಸುಳ್ಳು. ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ ಮೇಲಿನ ಐದು ಪ್ರಶ್ನೆಗಳನ್ನು ಗ್ರೂಪಿಗೆ ಹಾಕಿ. ಮಗುವಿನ ಚಿಕಿತ್ಸೆಗೆ ಸಾಲ ಮಾಡಲು ಹೊರಟ ಯಾರೋ ಒಬ್ಬರು ಓದಿದರೂ ಸಾಕು.