ಜಯಲಕ್ಷ್ಮೀ ವಿಲಾಸ

ಮೈಸೂರು ನಗರದ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಗೂ ಲಿಂಗಾಂಬುಧಿ ಕೆರೆಗೂ ನಡುವಣ ದಿಬ್ಬದ ಮೇಲೆ ಒಂದು ವಿಸ್ತಾರವಾದ ಸೌಧವಿರುವುದನ್ನು ಅನೇಕರು ಬಲ್ಲರು. ಜಯಲಕ್ಷ್ಮೀ ವಿಲಾಸವೆಂಬ ಆ ಮನೆಯನ್ನು ಕಟ್ಟಿಸಿದವರು ಯಾರು, ಅದು ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದನ್ನು ವಿಚಾರಿಸುವುದು ಈ ಉಪನ್ಯಾಸದ ಉದ್ದೇಶ. ಮನೆಯ ಚರಿತ್ರೆಯೆಂದರೆ ಕಲ್ಲು ಗಾರೆಗಳ ಚರಿತ್ರೆ ಮಾತ್ರವಲ್ಲ. ಅದನ್ನು ಕಾಪಾಡಿದವರ ಮತ್ತು ಮರೆತವರ ಚರಿತ್ರೆಯೂ ಹೌದು.

ಚಾಮರಾಜೇಂದ್ರ ಒಡೆಯರವರು 1894ರಲ್ಲಿ ಕಲ್ಕತ್ತೆಯಲ್ಲಿ ಅಕಾಲಮರಣವನ್ನೈದಿದರು. ಅವರ ಹಿರಿಯ ಪುತ್ರಿ ಜಯಲಕ್ಷಮ್ಮಣ್ಣಿಯವರಿಗೆ 1897ರಲ್ಲಿ ಎಂ. ಕಾಂತರಾಜೇ ಅರಸಿನವರೊಡನೆ ವಿವಾಹವಾಯಿತು. ಅರಸಿನವರು ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಸೋದರರು. ಆದುದರಿಂದ ಅವರು ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಸೋದರಮಾವನೂ ಹೌದು, ಭಾವನೂ ಹೌದು. ಮುಂದೆ 1919ರಿಂದ 1922ರವರೆಗೆ ಅವರು ಸಂಸ್ಥಾನದ ದಿವಾನರೂ ಆಗಿದ್ದರು. ರಾಜ್ಯಾಧಿಕಾರವನ್ನು ವಹಿಸಿಕೊಂಡು ಕೆಲವೇ ವರ್ಷಗಳಾಗಿದ್ದ ತರುಣ ಮಹಾರಾಜರು ತಮ್ಮ ಅಕ್ಕನವರ ವಾಸಕ್ಕಾಗಿ 1905ರ ಸುಮಾರಿಗೆ ಈ ಸೌಧವನ್ನು ಕಟ್ಟಿಸಿದರು.

ಸೌಧದ ಹೊರಮುಖವು ಯೂರೋಪು ಖಂಡದ ಶಿಲ್ಪವನ್ನು ಅನುಸರಿಸಿದೆ. ಕಾರಿಂಥಿಯನ್ ಮತ್ತು ಅಯಾನಿಕ್ ಎಂಬ ಗ್ರೀಕ್ ಮಾದರಿಗಳ ಜೋಡಿಕಂಬಗಳ ಸಾಲುಗಳು, ಅವುಗಳ ಮೇಲೆ ತ್ರಿಕೋಣಾಕಾರದ ಶಿರೋಭಾಗ. ಆದರೆ ಆ ಶಿರೋಭಾಗದಲ್ಲಿ ನೆಲಸಿರುವವಳು ಗ್ರೀಕರ ದೇವತೆಯಲ್ಲ, ನಮ್ಮ ಗಜಲಕ್ಷ್ಮಿ. ಒಳಹೊಕ್ಕರೆ ಕಾಣುವುದು ಪೂರ್ಣವಾಗಿ ನಮ್ಮ ಮನೆತನದ ಬಾಳು: ಕಲ್ಯಾಣಮಂಟಪ, ಕೆತ್ತನೆಯ ಮರದ ಬಾಗಿಲುಗಳು, ಬಣ್ಣದ ಗಾಜಿನ ಮೂಲಕ ಇಳಿಯುವ ಬೆಳಕು. ಕೊಠಡಿಗಳು ನೂರಿಪ್ಪತ್ತೈದು, ಕಿಟಕಿಗಳು ಮುನ್ನೂರು, ಬಾಗಿಲುಗಳು ಇನ್ನೂರೆಂಬತ್ತೇಳು ಎಂದು ಎಣಿಕೆ ಮಾಡಿರುವರು. ಪರದೇಶದ ಉಡುಪನ್ನು ತೊಟ್ಟರೂ ಮನೆಮಾತನ್ನು ಬಿಡದ ಗೃಹಸ್ಥನಂತೆ ಈ ಕಟ್ಟಡವಿದೆ.

ಇಷ್ಟು ದೊಡ್ಡ ಮನೆಯನ್ನು ನಡೆಸಲು ದೊಡ್ಡ ಪರಿವಾರವೂ ದೊಡ್ಡ ಆದಾಯವೂ ಬೇಕು. ಸಂಸ್ಥಾನದ ಕಾಲವು ಮುಗಿದ ಮೇಲೆ ಇಂತಹ ಸೌಧಗಳ ಗತಿಯೇನು ಎಂಬ ಪ್ರಶ್ನೆಯು ಮೈಸೂರಿನಲ್ಲಿ ಸಹಜವಾಗಿಯೇ ಎದ್ದಿತು. ಮಹಾರಾಜರ ಮತ್ತೊಬ್ಬ ಸೋದರಿಯವರ ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ಆಹಾರ ಸಂಶೋಧನಾಲಯವು ನೆಲೆಗೊಂಡಿತು. ಜಯಲಕ್ಷ್ಮೀ ವಿಲಾಸವು 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ವತ್ತಾಯಿತು. ಕುವೆಂಪು ಅವರು ಆಗ ಕುಲಪತಿಗಳಾಗಿದ್ದರು. ಅದರ ಸುತ್ತಣ ವಿದ್ಯಾಕ್ಷೇತ್ರಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನಿಟ್ಟವರೂ ಅವರೇ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದುದು ನಾಲ್ವಡಿಯವರ ಆಳ್ವಿಕೆಯಲ್ಲಿಯೇ. ತಮ್ಮನು ಅಕ್ಕನಿಗೆಂದು ಕಟ್ಟಿಸಿದ ಮನೆಯು ಅರ್ಧ ಶತಮಾನದ ತರುವಾಯ ಅದೇ ತಮ್ಮನು ಪ್ರಜೆಗಳಿಗೆಂದು ನೆಟ್ಟ ವಿದ್ಯಾಸಂಸ್ಥೆಗೆ ಸೇರಿತು.

1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿಗಳನ್ನು ಸುತ್ತಿ ಕೂಡಿಸಿದ ವಸ್ತುಗಳು ಆರು ಸಾವಿರಕ್ಕೂ ಮಿಗಿಲು. ರಾಜಕುಮಾರಿಯವರ ಕೊಠಡಿಗಳಲ್ಲಿ ಯಕ್ಷಗಾನದ ಕಿರೀಟಗಳು, ತೊಗಲುಗೊಂಬೆಗಳು, ಬೀಸುವ ಕಲ್ಲು, ನೇಗಿಲು, ಬುಟ್ಟಿಗಳು ಬಂದು ಕುಳಿತವು. ಹಿಂದೆ ಈ ಸೌಧದ ಹೆಬ್ಬಾಗಿಲನ್ನು ದಾಟಲು ಅಂಜುತ್ತಿದ್ದವರ ಮನೆಯ ಸಾಮಗ್ರಿಗಳೇ ಇದರ ಒಡವೆಗಳಾದುವು.

ಆದರೆ ಉಪಯೋಗವೊಂದೇ ಮನೆಯನ್ನು ಉಳಿಸಲಾರದು. ಇಟ್ಟಿಗೆ, ಗಾರೆ, ಮರಗಳ ಕಟ್ಟಡಕ್ಕೆ ಮಳೆಯ ನೀರೇ ಪರಮವೈರಿ. ಚಾವಣಿಯಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೆ ಸಾಕು. ನೀರು ಗಾರೆಯನ್ನು ಸಡಿಲಿಸಿ, ತೊಲೆಯ ತುದಿಯನ್ನು ಸೇರಿ, ಕಣ್ಣಿಗೆ ಕಾಣುವುದಕ್ಕೆ ಮೊದಲೇ ಮರವನ್ನು ಕೊಳೆಯಿಸುವುದು. ಈ ಸೌಧವೂ ಹಾಗೆಯೇ ಶಿಥಿಲವಾಗಿದ್ದಿತು. 2002ರಲ್ಲಿ ಇನ್‌ಫೋಸಿಸ್ ಪ್ರತಿಷ್ಠಾನದ ಧನಸಹಾಯದಿಂದ ಜೀರ್ಣೋದ್ಧಾರ ಕಾರ್ಯವು ಆರಂಭವಾಗಿ, ವರ್ಷಗಳ ಶ್ರಮದಿಂದ ಅದು ಹೊಸ ಕಳೆಯನ್ನು ಪಡೆಯಿತು.

ಒಡೆತನವು ಅರಮನೆಯಿಂದ ವಿದ್ಯಾಸಂಸ್ಥೆಗೆ ಬಂದಾಗ ಹೊಣೆಯು ಒಬ್ಬರಿಂದ ಎಲ್ಲರಿಗೂ ಬಂದಂತಾಯಿತು. ಎಲ್ಲರ ಹೊಣೆಯು ಯಾರ ಹೊಣೆಯೂ ಅಲ್ಲವಾಗುವ ಅಪಾಯವು ಲೋಕದಲ್ಲಿ ಉಂಟು. ಜೀರ್ಣೋದ್ಧಾರವು ತಲೆಮಾರಿಗೊಮ್ಮೆ ನಡೆಯುವ ಉತ್ಸವ; ಹೆಂಚು ಗಾರೆಗಳ ಆರೈಕೆಯಾದರೋ ಪ್ರತಿ ಮುಂಗಾರಿಗೆ ಮುನ್ನ ನಡೆಯಬೇಕಾದ ಮನೆಗೆಲಸ. ಈ ಮನೆಗೆಲಸವನ್ನು ನಾವು ತಪ್ಪದೆ ನಡೆಸಿದರೆ, ತಮ್ಮನೊಬ್ಬನ ಅಕ್ಕರೆಯಿಂದ ಎದ್ದ ಈ ಮನೆಯು ಮುಂದಿನವರಿಗೂ ದಕ್ಕುವುದು.