ಕಂಪನಿ ನಾಟಕದಲ್ಲಿ ನಿರ್ದೇಶನ: ಚಿಂದೋಡಿ ಲೀಲಾ ಅವರ ರಂಗಜೀವನದ ಮರುಪರಿಶೀಲನೆ

ಕನ್ನಡದ ನಾಟಕ ನಿರ್ದೇಶಕರ ಚರಿತ್ರೆಯನ್ನು ಸಾಮಾನ್ಯವಾಗಿ 1972ರ ಸುತ್ತಮುತ್ತ ಆರಂಭಿಸುವುದು ರೂಢಿ. ಆ ವರ್ಷ ಬೆಂಗಳೂರಿನ ಬಯಲಿನಲ್ಲಿ ಬಿ.ವಿ. ಕಾರಂತರು ಆಡಿಸಿದ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳು ಹವ್ಯಾಸಿ ರಂಗಭೂಮಿಯ ದಿಕ್ಕು ಬದಲಿಸಿದವೆಂಬುದರಲ್ಲಿ ವಿವಾದವಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980), ಮೈಸೂರಿನ ರಂಗಾಯಣ (1989) ಆ ದಾರಿಯನ್ನೇ ಬೆಳೆಸಿದವು. ನನ್ನ ತಕರಾರಿರುವುದು ಇದರ ಬೆನ್ನಿಗೇ ಬರುವ ಊಹೆಯ ಬಗ್ಗೆ: ವೃತ್ತಿ ಕಂಪನಿಗಳಲ್ಲಿ ನಟರಿದ್ದರು, ಮಾಲೀಕರಿದ್ದರು, ನಿರ್ದೇಶಕರಿರಲಿಲ್ಲ ಎಂಬುದು.

ಈ ಊಹೆಯ ಪೆಟ್ಟು ಬಿದ್ದವರಲ್ಲಿ ದಾವಣಗೆರೆಯ ಚಿಂದೋಡಿ ಲೀಲಾ ಒಬ್ಬರು. ತಂದೆ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲೇ ಬೆಳೆದು, ಮುಂದೆ ಅದರ ಹೊಣೆ ಹೊತ್ತವರು. 1988ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷತೆಯೂ ದೊರೆಯಿತು. 2010ರಲ್ಲಿ ತೀರಿಕೊಂಡಾಗ ಎಲ್ಲರೂ ನೆನೆದದ್ದು ಮುಖ್ಯವಾಗಿ ಕಲಾವಿದೆಯನ್ನು, ‘ಕಿತ್ತೂರು ಚೆನ್ನಮ್ಮ’, ‘ಶರಪಂಜರ’ ಚಿತ್ರಗಳ ನಟಿಯನ್ನು.

ನಿರ್ದೇಶನದ ಕೆಲಸ ಎಲ್ಲಿ ಅಡಗಿತ್ತೆಂದು ತಿಳಿಯಲು ಕಂಪನಿ ನಾಟಕದ ಒಳಗನ್ನು ನೋಡೋಣ. ಸಾಹುಕಾರನ ಮನೆಯ ಸೀನು ಮುಗಿದೊಡನೆ ರಸ್ತೆಯ ಪರದೆ ಇಳಿಯುತ್ತದೆ. ಅದರ ಮುಂದೆ ಹಾಸ್ಯದ ಜೋಡಿ ಮಾತಿಗೆ ಮಾತು ಬೆಳೆಸುತ್ತದೆ. ಹಿಂದೆ ಆಳುಗಳು ಕಂಬ, ಮೆಟ್ಟಿಲು, ಸೋಫಾಗಳನ್ನು ಸದ್ದಾಗದಂತೆ ಜೋಡಿಸುತ್ತಾರೆ. ಜೋಡಣೆ ತಡವಾದರೆ ಹಾಸ್ಯ ಎಳೆಯಬೇಕು. ಒನ್ಸ್ ಮೋರ್ ಬಿದ್ದರೆ ಹಾಡು ಮತ್ತೊಮ್ಮೆ ಬರಬೇಕು. ಇಷ್ಟಾದರೂ ಮುಂದಿನ ದುಃಖದ ಸೀನಿಗೆ ಬೇಕಾದ ಕಾವು ಆರಕೂಡದು. ಇದನ್ನೆಲ್ಲ ತೂಗಿ, ಎಲ್ಲಿ ನಿಲ್ಲಿಸಬೇಕೆಂದು ಹಾರ್ಮೋನಿಯಂ ಮೇಷ್ಟ್ರಿಗೆ ಸನ್ನೆ ಕೊಡುವುದು ಬರೀ ವ್ಯವಸ್ಥಾಪಕರ ಕೆಲಸವೇ? ದೃಶ್ಯದ ಉದ್ದ, ಲಯ, ರಸದ ತಿರುವು ತೀರ್ಮಾನವಾಗುವುದೇ ಅಲ್ಲಿ. (ಕಂಪನಿ ಹಾಸ್ಯಕ್ಕೆ ಮೂಗು ಮುರಿಯುವ ವಿಮರ್ಶಕರು ಒಮ್ಮೆ ಪರದೆಯ ಹಿಂದೆ ನಿಂತು ನೋಡುವುದೊಳಿತು.)

ಇನ್ನೊಂದು ಮಾತು. ಹವ್ಯಾಸಿ ತಂಡದ ನಿರ್ದೇಶಕರ ಕೆಲಸ ಬಹುಪಾಲು ಮೊದಲ ಪ್ರದರ್ಶನಕ್ಕೆ ಮುಗಿಯುತ್ತದೆ. ಲೀಲಾ ಅವರ ಕಂಪನಿಯ ‘ಪೊಲೀಸನ ಮಗಳು’ ತರಹ, ಬೀಡುಬಿಟ್ಟ ಊರಿನ ಕ್ಯಾಂಪಿನಲ್ಲಿ ದೀರ್ಘಕಾಲ ಓಡುವ ನಾಟಕದ ಪಾಡೇ ಬೇರೆ: ನಟರು ಕಂಪನಿ ಬಿಡುತ್ತಾರೆ, ಹೊಸಬರಿಗೆ ತಾಲೀಮು ಕೊಡಬೇಕು, ದಿನದಿನಕ್ಕೂ ಉಬ್ಬುವ ಮಾತನ್ನು ಕತ್ತರಿಸಬೇಕು. ಇಂಥ ನಾಟಕವನ್ನು ಕೆಡದಂತೆ ಕಾಯ್ದುಕೊಳ್ಳುವುದನ್ನು ನಿರ್ದೇಶನವೆಂದು ಎಣಿಸದಿದ್ದರೆ ತಪ್ಪು ನಮ್ಮ ಅಳತೆಗೋಲಿನದು.

ಬಲವಾದ ಆಕ್ಷೇಪವೊಂದುಂಟು. ಮುಖ್ಯ ಪಾತ್ರಕ್ಕೆ ಬಣ್ಣ ಹಚ್ಚಿ ರಂಗದ ಮೇಲೆ ನಿಂತವರು ನಾಟಕವನ್ನು ಹೊರಗಿನಿಂದ ನೋಡುವುದು ಹೇಗೆ? ಆದರೆ ಗುಬ್ಬಿ ವೀರಣ್ಣನವರೂ ನಟರಾಗಿದ್ದುಕೊಂಡೇ ಕಂಪನಿ ನಡೆಸಿದರು. ಬಾಲ್ಯದಲ್ಲಿ ಮನೆ ಬಿಟ್ಟು ಬಂದ ಕಾರಂತರು ಪಳಗಿದ್ದೂ ಆ ಕಂಪನಿಯಲ್ಲೇ. ಹಾಗೆಂದು ಎಲ್ಲ ಮಾಲೀಕರೂ ನಿರ್ದೇಶಕರೆಂದು ನಾನು ಹೇಳುತ್ತಿಲ್ಲ. ದುಡ್ಡು ಹಾಕಿ ಗಲ್ಲಾಪೆಟ್ಟಿಗೆಯ ಮುಂದಷ್ಟೇ ಕುಳಿತವರೂ ಇದ್ದರು. ಲೀಲಾ ಅವರ ವಿಷಯದಲ್ಲೂ ನನ್ನ ವಾದ ಕಂಪನಿಯ ಕಾರ್ಯವಿಧಾನವನ್ನು ಆಧರಿಸಿದ್ದೇ ಹೊರತು ಯಾವುದೇ ಒಂದು ನಾಟಕದ ಇಡೀ ರೂಪ ಅವರದೆಂಬ ಪ್ರತಿಪಾದನೆಯಲ್ಲ. ಕಂಪನಿ ನಾಟಕದಲ್ಲಿ ಅದನ್ನು ಬರೆದ ಕವಿ, ಸಂಗೀತದ ಮೇಷ್ಟ್ರು, ಹಾಸ್ಯನಟರ ಪಾಲೂ ಇದ್ದೇ ಇರುತ್ತದೆ.

ಈ ಪಾಲುಗಳನ್ನು ಬಿಡಿಸುವುದು ಬಾಕಿಯಿದೆ. ಅಚ್ಚಾದ ನಾಟಕಗಳಿಗಿಂತ ಪ್ರಾಂಪ್ಟರ್ ಕೈಯಲ್ಲಿನ ಪ್ರತಿಗಳು ಇದಕ್ಕೆ ಹೆಚ್ಚು ಉಪಯೋಗಕ್ಕೆ ಬಂದಾವು. ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಸೇರಿಸಿದ ಮಾತು ಯಾರ ಕೈಬರಹವೆಂದು ಗುರುತಿಸುವುದರಿಂದಲೇ ಆ ಕೆಲಸ ಶುರುವಾಗಬೇಕು.